ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ, ಬೇಡ್ವಾ: ಒಂದು ಕಾರಿನ ಲೆಕ್ಕ

ನನ್ನ ಕಾರು ಟರ್ಬೊ ಪೆಟ್ರೋಲ್. ಗೇರ್‌ಬಾಕ್ಸ್ ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್, ಅಂದರೆ ಒಳಗೆ ಜೋಡಿ ಕ್ಲಚ್ ಇದ್ದು ಗೇರ್ ತಾನೇ ಬದಲಾಗುತ್ತೆ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕಂದ್ರೆ ಎಕ್ಸ್‌ಟೆಂಡೆಡ್ ವಾರಂಟಿ, ಅಂದರೆ ಕಾರಿನ ಜೊತೆ ಬಂದ ವಾರಂಟಿಯನ್ನು ದುಡ್ಡು ಕೊಟ್ಟು ಮುಂದುವರಿಸುವ ಪ್ಲಾನ್, ತಗೊಳ್ಳಬೇಕಾ ಅನ್ನೋ ಪ್ರಶ್ನೆಗೆ ಎಲ್ಲ ಕಾರಿಗೂ ಹೊಂದುವ ಉತ್ತರ ಇಲ್ಲ. ನಾನು ಮಾಡಿದ ತೀರ್ಮಾನ ಮುಕ್ಕಾಲು ಪಾಲು ಈ ಗೇರ್‌ಬಾಕ್ಸ್ ಮೇಲೆ ನಿಂತಿದೆ. ಉಳಿದದ್ದು ನಾವು ವರ್ಷಕ್ಕೆ ಎಷ್ಟು ಓಡಿಸುತ್ತೇವೆ, ಕಾರನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೇವೆ ಅನ್ನೋದರ ಮೇಲೆ.

ಕಾರಿನ ಜೊತೆ ಬಂದಿದ್ದ ಮೂರು ವರ್ಷದ ವಾರಂಟಿ ಮುಗಿಯುತ್ತಾ ಬಂದಾಗ ಸರ್ವಿಸ್ ಸೆಂಟರ್‌ನಿಂದ ಫೋನ್ ಶುರುವಾಯಿತು. "ಸರ್, ಈ ತಿಂಗಳು ಬಿಟ್ರೆ ಆಮೇಲೆ ಮಾಡ್ಸೋಕಾಗಲ್ಲ." ಈ ಮಾತಿನಲ್ಲಿ ಅರ್ಧ ನಿಜ ಇದೆ. ಕಾರು ಕಂಪನಿಯ ಸ್ವಂತ ಪ್ಲಾನ್‌ಗಳನ್ನು ಸಾಮಾನ್ಯವಾಗಿ ಮೂಲ ವಾರಂಟಿ ಚಾಲ್ತಿಯಲ್ಲಿ ಇರುವಾಗಲೇ ಕೊಳ್ಳಬೇಕು. ಅದು ಮುಗಿದ ಮೇಲೆ ಕೇಳಿದರೆ ಒಂದೋ ಕೊಡುವುದಿಲ್ಲ, ಇಲ್ಲಾ ಗಾಡಿಯನ್ನು ಪೂರ್ತಿ ತಪಾಸಣೆ ಮಾಡಿ, ಜಾಸ್ತಿ ಬೆಲೆಗೆ ಕೊಡುತ್ತಾರೆ. ಆದರೆ ನನ್ನ ವಾರಂಟಿ ಮುಗಿಯುವ ದಿನ ಇನ್ನೂ ಮುಂದಿತ್ತು. "ಈ ತಿಂಗಳು" ಅನ್ನೋದು ಅವರ ಟಾರ್ಗೆಟ್‌ನ ಗಡುವು, ನನ್ನದಲ್ಲ. ವಾರಂಟಿ ಪುಸ್ತಕದಲ್ಲಿ ಡೆಲಿವರಿ ತಾರೀಕು ನೋಡಿಕೊಂಡೆ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದೆ. ಅವಸರ ಅಲ್ಲಿಗೆ ಮುಗೀತು.

ಕಾರು ತಗೊಳ್ಳುವಾಗಲೇ ಶೋರೂಮ್‌ನಲ್ಲಿ ಇದನ್ನು ಸಾಲಕ್ಕೆ ಸೇರಿಸಿಬಿಡಿ ಅಂದಿದ್ದರು. "ಕಂತಿನಲ್ಲಿ ಗೊತ್ತೇ ಆಗಲ್ಲ" ಅಂತ. ಆಗ ಬೇಡ ಅಂದಿದ್ದೆ. ಮೂರು ವರ್ಷ ಆದಮೇಲೆ ಶುರುವಾಗುವ ರಕ್ಷಣೆಗೆ ಮೊದಲ ತಿಂಗಳಿಂದಲೇ ಬಡ್ಡಿ ಕಟ್ಟುವುದು ಯಾಕೆ? ಮಧ್ಯದಲ್ಲಿ ಗಾಡಿ ಮಾರಿದರೆ, ದೊಡ್ಡ ಅಪಘಾತವಾಗಿ ಗುಜರಿಗೆ ಹೋದರೆ, ಕೊಟ್ಟ ದುಡ್ಡು ವಾಪಸ್ ಬರುತ್ತಾ ಅಂತ ಕೇಳಿದ್ದಕ್ಕೂ ಅವತ್ತು ಸರಿಯಾದ ಉತ್ತರ ಸಿಕ್ಕಿರಲಿಲ್ಲ. ತಡವಾಗಿ ತಗೊಂಡರೆ ಬೆಲೆ ಏರುತ್ತೆ ಅನ್ನೋದು ನಿಜ, ಏರಿತ್ತು ಕೂಡ. ಆದರೆ ಸಾಲದ ಬಡ್ಡಿ ಕೂಡಿಸಿ ನೋಡಿದರೆ ಆ ಏರಿಕೆ ಏನೂ ಅಲ್ಲ.

ಮನೆಯಲ್ಲಿ ಮಾತು ಎತ್ತಿದ್ದೇ ತಡ, ಸಲಹೆಗಳು ಬಂದವು. ಭಾವನದು ಒಂದೇ ಮಾತು: "ಅದೆಲ್ಲಾ ಸುಮ್ನೆ ದುಡ್ಡು ಹೊಡೆಯೋ ದಾರಿ ಕಣೋ. ನನ್ನ ಗಾಡಿ ನೋಡು, ಎಂಟು ವರ್ಷ ಆಯ್ತು, ಏನಾಗಿದೆ ಅದಕ್ಕೆ?" ಆಫೀಸಿನ ಗೆಳೆಯನದು ಅದಕ್ಕೆ ಉಲ್ಟಾ. ಅವನ ಗಾಡಿಯ ಗೇರ್‌ಬಾಕ್ಸ್ ನಾಲ್ಕನೇ ವರ್ಷ ಕೈಕೊಟ್ಟಿತ್ತು, ವಾರಂಟಿ ಇದ್ದಿದ್ದರಿಂದ ಬಚಾವಾದ. ಇಬ್ಬರೂ ಹೇಳಿದ್ದು ಸುಳ್ಳಲ್ಲ. ಆದರೆ ಒಂದೊಂದು ಕಾರಿನ ಕಥೆಯಿಂದ ನನಗೇನು ಗೊತ್ತಾಗಬೇಕು? ಭಾವನ ಗಾಡಿ ಮ್ಯಾನುಯಲ್ ಗೇರಿನದು, ಟರ್ಬೊ ಇಲ್ಲ, ದೊಡ್ಡ ಸ್ಕ್ರೀನೂ ಇಲ್ಲ. ಕೆಡುವುದಕ್ಕೆ ಅದರಲ್ಲಿ ಇರೋದೇ ಕಡಿಮೆ.

ಕೆಲಸಕ್ಕೆ ಬಂದ ಮಾತು ಆಡಿದವಳು ನನ್ನ ಹೆಂಡತಿ. "ಅವರಿಬ್ಬರ ಕಾರು ಬಿಡಿ. ನಮ್ಮ ಕಾರಲ್ಲಿ ಏನು ಕೆಟ್ಟರೆ ಎಷ್ಟಾಗುತ್ತೆ ಅಂತ ಯಾರನ್ನಾದರೂ ಕೇಳಿದೀರಾ?"

ಕೇಳಿರಲಿಲ್ಲ. ಸರ್ವಿಸ್ ಸೆಂಟರ್‌ಗೆ ಹೋಗಿ ಸರ್ವಿಸ್ ಅಡ್ವೈಸರ್ ಹತ್ತಿರ ಕೂತೆ. ವಾರಂಟಿ ಬಗ್ಗೆ ಮಾತಾಡಲ್ಲ, ಈ ಭಾಗಗಳ ಬೆಲೆ, ಹಾಕುವ ಲೇಬರ್ ಚಾರ್ಜ್, ಎರಡನ್ನೂ ಹೇಳಿ ಸಾಕು ಅಂದೆ. ಆತನಿಗೆ ಮೊದಲು ಸ್ವಲ್ಪ ಅನುಮಾನ. "ಏನ್ ಸರ್, ಗಾಡೀಲಿ ಏನಾದ್ರೂ ಪ್ರಾಬ್ಲಮ್ಮಾ?" ಇಲ್ಲ, ಲೆಕ್ಕಕ್ಕೆ ಬೇಕು ಅಂದಮೇಲೆ ಕಂಪ್ಯೂಟರ್‌ನಲ್ಲಿ ಪಾರ್ಟ್ ನಂಬರ್ ಹುಡುಕಿ ಒಂದೊಂದಾಗಿ ಹೇಳುತ್ತಾ ಹೋದರು. ನಾನು ಬರೆದುಕೊಂಡೆ.

ಬೆಲೆಗಳು ಗಾಡಿಯಿಂದ ಗಾಡಿಗೆ ಬದಲಾಗುತ್ತವೆ. ಹಾಗಾಗಿ ಎರಡು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿಯ ಬೆಲೆಯನ್ನೇ ಒಂದು ಪಾಲು ಅಂತ ಇಟ್ಟುಕೊಂಡು ಹೇಳ್ತೀನಿ. ಎಸಿ ಕಂಪ್ರೆಸರ್ ಬದಲಿಸಿದರೆ ಸುಮಾರು ಒಂದು ಪಾಲು. ಇಂಜೆಕ್ಟರ್‌ಗಳನ್ನೆಲ್ಲಾ ಒಟ್ಟಿಗೆ ಬದಲಿಸಿದರೂ ಅಷ್ಟೇ. ಡ್ಯಾಶ್‌ಬೋರ್ಡ್ ಮೇಲಿನ ಟಚ್ ಸ್ಕ್ರೀನ್ ಒಂದೂವರೆ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ರ‍್ಯಾಕ್ ಎರಡು. ಟರ್ಬೊ ಎರಡೂವರೆ. ಗೇರ್‌ಬಾಕ್ಸ್‌ನ ಮೆಕಾಟ್ರಾನಿಕ್ ಯೂನಿಟ್, ಅಂದರೆ ಯಾವ ಗೇರ್ ಯಾವಾಗ ಬೀಳಬೇಕು ಅಂತ ನೋಡಿಕೊಳ್ಳುವ ಕಂಪ್ಯೂಟರ್ ಮತ್ತು ಹೈಡ್ರಾಲಿಕ್ ಎರಡೂ ಸೇರಿದ ಪೆಟ್ಟಿಗೆ, ಅದೊಂದೇ ನಾಲ್ಕು ಪಾಲು. ಪವರ್ ವಿಂಡೋ ಮೋಟಾರ್, ಸಣ್ಣಪುಟ್ಟ ಸೆನ್ಸರ್‌ಗಳು ಒಂದು ಪಾಲಿನ ಹತ್ತನೇ ಒಂದರಷ್ಟು. ಅವನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಮನೆಗೆ ಬಂದು ಹಾಳೆ ಹರಡಿಕೊಂಡು ಕೂತೆವು. ಗಣಿತ ಕಷ್ಟದ್ದೇನಲ್ಲ. ಒಂದು ರಿಪೇರಿಗೆ ವಾರಂಟಿಯ ನಾಲ್ಕರಷ್ಟು ಖರ್ಚಾಗುತ್ತೆ ಅಂದರೆ, ಅದೊಂದೇ ಕಾರಣಕ್ಕೆ ವಾರಂಟಿ ತಗೊಳ್ಳುವವನಿಗೆ ಅದು ಗಿಟ್ಟಬೇಕಾದರೆ ಅಂಥ ನಾಲ್ಕು ಗಾಡಿಯಲ್ಲಿ ಒಂದಾದರೂ ಆ ಎರಡು ವರ್ಷದಲ್ಲಿ ಕೆಡಬೇಕು. ನಾಲ್ಕರಲ್ಲಿ ಒಂದು ಅಂದರೆ ಬಹಳವಾಯಿತು. ಅಷ್ಟು ಕೆಡುವ ಗಾಡಿಯ ಹೆಸರು ಊರೆಲ್ಲಾ ಹರಡಿರುತ್ತೆ. ಆದರೆ ವಾರಂಟಿ ಒಂದೇ ಭಾಗಕ್ಕೆ ಸೀಮಿತ ಅಲ್ಲ, ಎಲ್ಲಾ ಭಾಗದ ಅಪಾಯವನ್ನೂ ಕೂಡಿಸಬೇಕು.

ಪ್ರತಿಯೊಂದು ದೊಡ್ಡ ಭಾಗವೂ ಎರಡು ವರ್ಷದಲ್ಲಿ ಕೆಡುವ ಸಾಧ್ಯತೆ ನೂರಕ್ಕೆ ಐದು ಅಂತ ಇಟ್ಟುಕೊಂಡೆ. ಇದು ನನ್ನ ಊಹೆ, ಯಾರೋ ಕೊಟ್ಟ ಅಂಕಿ ಅಲ್ಲ. ಗೇರ್‌ಬಾಕ್ಸ್ ಬಿಟ್ಟು ಉಳಿದವುಗಳ ಬೆಲೆ ಎಂಟು ಪಾಲು, ಗೇರ್‌ಬಾಕ್ಸ್ ನಾಲ್ಕು, ಒಟ್ಟು ಹನ್ನೆರಡು. ಅದರ ನೂರಕ್ಕೆ ಐದು ಅಂದರೆ 0.6 ಪಾಲು. ಒಂದು ಪಾಲು ಕೊಟ್ಟು 0.6 ಪಾಲಿನ ಅಪಾಯ ಕಳೆದುಕೊಳ್ಳುವುದು. ಇಷ್ಟೇ ಆದರೆ ಭಾವ ಹೇಳಿದ್ದೇ ಸರಿ.

ಗೇರ್‌ಬಾಕ್ಸ್‌ಗೆ ಮಾತ್ರ ಐದರ ಬದಲು ಹದಿನೈದು ಹಾಕಿದೆ. ಉಳಿದ ಎಂಟು ಪಾಲಿಗೆ 0.4, ಗೇರ್‌ಬಾಕ್ಸ್‌ಗೆ 0.6. ಒಟ್ಟು ಸರಿಯಾಗಿ ಒಂದು. ಲೆಕ್ಕ ಸಮ ಆಯಿತು.

ಹದಿನೈದು ಅಂತ ಸುಮ್ಮನೆ ಬಾಯಿಗೆ ಬಂದಿದ್ದನ್ನು ಹಾಕಿದ್ದಲ್ಲ. ನಮ್ಮ ಗಾಡಿಯಲ್ಲಿ ಇರೋದು ಡ್ರೈ ಕ್ಲಚ್. ಎಣ್ಣೆಯಲ್ಲಿ ಮುಳುಗಿರುವ ವೆಟ್ ಕ್ಲಚ್‌ನ ಹಾಗೆ ಇದಕ್ಕೆ ಎಣ್ಣೆಯ ತಂಪು ಇಲ್ಲ, ಗಾಳಿಯೇ ತಂಪು ಮಾಡಬೇಕು. ಟ್ರಾಫಿಕ್‌ನಲ್ಲಿ ಅಡಿ ಅಡಿ ಮುಂದೆ ಹೋಗಿ ನಿಲ್ಲಿಸುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಾ ಬಿಸಿಯಾಗುತ್ತೆ. ನಮ್ಮ ದಿನದ ಓಡಾಟ ಎಲ್ಲಾ ಅಂಥ ಟ್ರಾಫಿಕ್‌ನಲ್ಲೇ. ಇನ್ನು ಈ ಜಾತಿಯ ಗೇರ್‌ಬಾಕ್ಸ್‌ಗೆ ಒಂದು ಇತಿಹಾಸವೂ ಇದೆ. ಫೋಕ್ಸ್‌ವ್ಯಾಗನ್ ಕಂಪನಿ ಚೀನಾದಲ್ಲಿ ಡಿಎಸ್‌ಜಿ ಅನ್ನೋ ತನ್ನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಬಗ್ಗೆ ದೂರು ಜಾಸ್ತಿಯಾದಾಗ 2012ರಲ್ಲಿ ಅದರ ವಾರಂಟಿಯನ್ನು 10 ವರ್ಷ ಅಥವಾ 1,60,000 ಕಿ.ಮೀ.ಗೆ ಏರಿಸಿತು. ಮರುವರ್ಷ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿ ರಿಪೇರಿ ಮಾಡಬೇಕಾಯಿತು. ನನ್ನ ಗಾಡಿ ಬೇರೆ ಕಂಪನಿಯದು, ಆಮೇಲಿನ ತಲೆಮಾರಿನದು. ಹಾಗಂತ ಉಳಿದ ಭಾಗಗಳಷ್ಟೇ ಇದನ್ನೂ ನಂಬುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಇಲ್ಲಿ ಒಂದು ಮಾತು. ವಾರಂಟಿ ಮಾರುವವರು ಧರ್ಮಕ್ಕೆ ಮಾರುವುದಿಲ್ಲ. ಸಾವಿರಾರು ಜನರಿಂದ ಬಂದ ದುಡ್ಡಿನಲ್ಲಿ ರಿಪೇರಿ ಖರ್ಚು, ಏಜೆಂಟರ ಕಮಿಷನ್, ಆಫೀಸ್ ಖರ್ಚು ಎಲ್ಲಾ ಕಳೆದು ಲಾಭ ಉಳಿಯಬೇಕು. ಅಂದರೆ ಸರಾಸರಿ ಗಿರಾಕಿಗೆ ಇದು ನಷ್ಟದ ಬಾಬತ್ತೇ. ಇದರಲ್ಲಿ ಮುಚ್ಚುಮರೆ ಏನಿಲ್ಲ, ವಿಮೆ ಎಲ್ಲಾ ನಡೆಯೋದೇ ಹೀಗೆ. ಹಾಗಾದರೆ ಯಾರು ತಗೊಳ್ಳಬೇಕು? ಸರಾಸರಿಗಿಂತ ಅಪಾಯ ಜಾಸ್ತಿ ಇರುವ ಗಾಡಿಯವರು. ಇಲ್ಲಾ, ನಾಲ್ಕು ಪಾಲಿನ ಬಿಲ್ ಒಂದೇ ಸಲ ಬಂದರೆ ಮನೆ ಲೆಕ್ಕ ಏರುಪೇರಾಗುವವರು. ಎರಡನೇ ವಿಷಯ ಹೆಂಡತಿಗೆ ಬಿಟ್ಟೆ, ಮನೆಯ ಲೆಕ್ಕ ಬರೆಯೋದು ಅವಳೇ. "ಒಂದು ಪಾಲು ಹೋದರೆ ಬೇಜಾರು. ಎರಡಾದರೆ ಹೇಗೋ ಹೊಂದಿಸಬಹುದು. ನಾಲ್ಕು ಅಂದರೆ ಸಾಲ ಮಾಡಬೇಕು" ಅಂದಳು. ಅದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ.

ಇನ್ನೊಂದು ಕಡೆ ತಕ್ಕಡಿಯಲ್ಲಿ ಇಡಬೇಕಾದ ವಿಷಯ, ವಾರಂಟಿ ಯಾವ ವರ್ಷಗಳಿಗೆ ಅನ್ನೋದು. ಯಂತ್ರಗಳು ಕೆಡುವುದಕ್ಕೆ ಒಂದು ಕ್ರಮ ಇದೆ. ತಯಾರಿಕೆಯ ದೋಷಗಳು ಶುರುವಿನಲ್ಲೇ ಕಾಣಿಸಿಕೊಳ್ಳುತ್ತವೆ, ಅವು ಮೂಲ ವಾರಂಟಿಯಲ್ಲಿ ಸರಿಹೋಗುತ್ತವೆ. ಆಮೇಲೆ ಕೆಲವು ವರ್ಷ ಶಾಂತವಾಗಿ ಇರುತ್ತೆ. ಸವೆತ ಹೆಚ್ಚಾದ ಮೇಲೆ ಮತ್ತೆ ಖರ್ಚು ಏರುತ್ತೆ. ಇಂಜಿನಿಯರ್‌ಗಳು ಇದಕ್ಕೆ ಬಾತ್‌ಟಬ್ ಕರ್ವ್ ಅನ್ನುತ್ತಾರೆ, ಸ್ನಾನದ ತೊಟ್ಟಿಯ ಆಕಾರದ ಗೆರೆ ಅಂತ. ನಾಲ್ಕು, ಐದನೇ ವರ್ಷ ಬೀಳುವುದು ಆ ಶಾಂತವಾದ ತಳದಲ್ಲಿ. ವಾರಂಟಿ ಮಾರುವುದೂ ಆ ವರ್ಷಗಳಿಗೇ. ಸರ್ವಿಸ್ ಸೆಂಟರ್‌ನವರು ಇದನ್ನು ಹೇಳುವುದಿಲ್ಲ, ಹೇಳಲಿ ಅಂತ ನಿರೀಕ್ಷೆಯೂ ಇಲ್ಲ. ಆದರೆ ಎಲೆಕ್ಟ್ರಾನಿಕ್ ಭಾಗಗಳಿಗೆ ಸವೆತದ ಈ ಲೆಕ್ಕ ಅಷ್ಟಾಗಿ ಅನ್ವಯಿಸುವುದಿಲ್ಲ. ಅವು ಸವೆದು ಹೋಗುವುದಕ್ಕಿಂತ ಒಂದು ದಿನ ಇದ್ದಕ್ಕಿದ್ದ ಹಾಗೆ ನಿಂತುಹೋಗುವುದೇ ಹೆಚ್ಚು. ಮೆಕಾಟ್ರಾನಿಕ್ ಯೂನಿಟ್, ಸ್ಕ್ರೀನ್, ಸ್ಟೀರಿಂಗ್ ಮೋಟಾರ್, ಎಲ್ಲಾ ಆ ಗುಂಪಿನವೇ.

ಅಷ್ಟು ಹೊತ್ತಿಗೆ ಒಂದು ವಿಷಯ ಖಚಿತವಾಗಿತ್ತು. ಗೇರ್‌ಬಾಕ್ಸ್ ಪೂರ್ತಿ ಕವರ್ ಆಗುವುದಾದರೆ ವಾರಂಟಿ ತಗೊಳ್ಳಬಹುದು. ಇಲ್ಲದಿದ್ದರೆ ಲೆಕ್ಕವೇ ಬಿತ್ತು. ಬಣ್ಣದ ಬ್ರೋಷರ್‌ನಲ್ಲಿ ಇಂಜಿನ್, ಗೇರ್‌ಬಾಕ್ಸ್, ಎಲೆಕ್ಟ್ರಿಕಲ್ ಅಂತ ಟಿಕ್ ಮಾರ್ಕ್ ಹಾಕಿದ್ದರು. ಟಿಕ್ ಮಾರ್ಕ್ ಸಾಕಾಗಲ್ಲ, ಪೂರ್ತಿ ಷರತ್ತುಗಳ ಪ್ರತಿ ಕೊಡಿ ಅಂದೆ. "ಅದು ಪಾಲಿಸಿ ಆದಮೇಲೆ ಬರುತ್ತೆ ಸರ್." ಆದಮೇಲೆ ಓದಿ ನಾನೇನು ಮಾಡಲಿ? ಕೊಟ್ಟರೆ ಮಾತ್ರ ಮುಂದಿನ ಮಾತು ಅಂದಮೇಲೆ ಪಿಡಿಎಫ್ ಕಳಿಸಿದರು.

ಆ ಸಣ್ಣ ಅಕ್ಷರದ ಪುಟಗಳನ್ನು ಪೆನ್ಸಿಲ್ ಹಿಡಿದು ಓದಿದೆ. ಶುರು ಮಾಡಬೇಕಾದದ್ದು ಹಿಂದಿನಿಂದ. ಏನು ಸಿಗುತ್ತೆ ಅನ್ನೋ ಪಟ್ಟಿ ಮುಂದೆ ಇರುತ್ತೆ, ಏನು ಸಿಗಲ್ಲ ಅನ್ನೋದು ಹಿಂದೆ. ಪ್ಲಾನ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಹೆಸರಿಸಿದ ಭಾಗಗಳಿಗೆ ಮಾತ್ರ ರಕ್ಷಣೆ. ಇನ್ನೊಂದರಲ್ಲಿ ಹೆಸರಿಸಿದವನ್ನು ಬಿಟ್ಟು ಉಳಿದದ್ದಕ್ಕೆಲ್ಲಾ ರಕ್ಷಣೆ. ಎರಡನೆಯದು ಮೇಲು. ಯಾಕಂದ್ರೆ ಈಗಿನ ಕಾರಿನಲ್ಲಿರುವ ಸಾವಿರಾರು ಭಾಗಗಳಲ್ಲಿ ನಾವು ಹೆಸರೇ ಕೇಳದ ಒಂದು ಮಾಡ್ಯೂಲ್ ಕೆಟ್ಟರೆ, ಮೊದಲನೇ ಜಾತಿಯಲ್ಲಿ "ಪಟ್ಟಿಯಲ್ಲಿ ಇಲ್ಲ" ಅಂದುಬಿಡುತ್ತಾರೆ. ನಮ್ಮದು ಎರಡನೇ ಜಾತಿ, ಸದ್ಯ.

ಹೊರಗಿಟ್ಟ ಪಟ್ಟಿಯಲ್ಲಿ ಬ್ರೇಕ್ ಪ್ಯಾಡ್, ವೈಪರ್, ಟೈರ್, ಬಲ್ಬ್, 12 ವೋಲ್ಟ್ ಬ್ಯಾಟರಿ, ಆಯಿಲ್, ಕೂಲಂಟ್, ಎಸಿ ಗ್ಯಾಸ್ ಇದ್ದವು. ಇದು ನ್ಯಾಯವೇ, ಸವೆಯುವುದಕ್ಕೇ ಇರುವ ವಸ್ತುಗಳು ಇವು. ಸಸ್ಪೆನ್ಷನ್ ಬುಷ್, ಲಿಂಕ್ ರಾಡ್, ರಬ್ಬರ್ ಭಾಗಗಳೂ ಇಲ್ಲ. ಇಲ್ಲಿ ಸ್ವಲ್ಪ ಮುಖ ಸಿಂಡರಿಸಿದೆ. ಯಾಕಂದ್ರೆ ನಾಲ್ಕೈದು ವರ್ಷದ ಗಾಡಿಯಲ್ಲಿ ನಿಜವಾಗಿ ಸದ್ದು ಮಾಡೋದೇ ಅವು. ಒಂದು ಕಡೆ "ಆಯಿಲ್ ಲೀಕ್" ಕವರ್ ಆಗುತ್ತೆ ಅಂತಿದೆ, ಅದರ ಕೆಳಗೇ "ಜಿನುಗುವುದು ಇದರಲ್ಲಿ ಸೇರುವುದಿಲ್ಲ" ಅಂತಿದೆ. ತೊಟ್ಟಿಕ್ಕಿದರೆ ಲೀಕ್, ತೇವ ಮಾತ್ರ ಕಂಡರೆ ಜಿನುಗು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತೆ ಅಂತ ತೀರ್ಮಾನಿಸುವವರು ಅವರೇ, ಅಲ್ವಾ?

ಇನ್ನೂ ಒಂದು ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ತೊಂದರೆ ಏನು ಅಂತ ತಿಳಿಯಲು ಭಾಗವನ್ನು ಬಿಚ್ಚಬೇಕಾದರೆ ಮಾಲೀಕರ ಒಪ್ಪಿಗೆ ಪಡೆಯುತ್ತಾರೆ. ಬಿಚ್ಚಿದ ಮೇಲೆ ಅದು ವಾರಂಟಿಗೆ ಬರಲ್ಲ ಅಂತ ಗೊತ್ತಾದರೆ ಬಿಚ್ಚಿದ್ದಕ್ಕೂ ಮತ್ತೆ ಜೋಡಿಸಿದ್ದಕ್ಕೂ ಲೇಬರ್ ನಾವೇ ಕೊಡಬೇಕು. ಇಂಜಿನ್ ಅಥವಾ ಗೇರ್‌ಬಾಕ್ಸ್ ಕೆಳಗಿಳಿಸುವ ಕೆಲಸ ಆದರೆ ಅದು ಸಣ್ಣ ಮೊತ್ತ ಅಲ್ಲ. ಗಾಡಿ ಬಿಡುವಾಗ ಕೆಲಸದ ವಿವರ ಬರೆಯುವ ಜಾಬ್ ಕಾರ್ಡ್‌ಗೆ ಸಹಿ ಹಾಕುವಾಗ ಈ ಒಪ್ಪಿಗೆಯೂ ಅದರಲ್ಲೇ ಸೇರಿರುತ್ತೆ. ಅದಕ್ಕೇ ಬಿಚ್ಚುವ ಮುಂಚೆ ಫೋನ್ ಮಾಡಿ ಅಂತ ಜಾಬ್ ಕಾರ್ಡ್ ಮೇಲೇ ಬರೆಸುವುದನ್ನು ಈಗ ರೂಢಿ ಮಾಡಿಕೊಂಡಿದ್ದೇನೆ.

ಸರ್ವಿಸ್ ವಿಷಯದಲ್ಲಿ ಬಹಳ ಬಿಗಿ. ಹೇಳಿದ ಅವಧಿಗೆ ಸರ್ವಿಸ್ ಆಗಿರಬೇಕು, ದಾಖಲೆ ಇರಬೇಕು. ಒಂದು ಸರ್ವಿಸ್ ತಪ್ಪಿದರೂ ಕ್ಲೈಮ್ ತಿರಸ್ಕರಿಸುವ ಹಕ್ಕು ಅವರಿಗಿದೆ. ವೈರ್ ಕತ್ತರಿಸಿ ಹಾಕಿದ ದೀಪ, ಹಾರ್ನ್, ಮ್ಯೂಸಿಕ್ ಸಿಸ್ಟಮ್ ಇದ್ದರೆ ಎಲೆಕ್ಟ್ರಿಕಲ್ ಭಾಗದ ಕ್ಲೈಮ್‌ಗೆ ತಕರಾರು. ನೀರು ತುಂಬಿದ ರಸ್ತೆಯಲ್ಲಿ ಇಂಜಿನ್ ಒಳಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಗ್ಗಿದರೆ ಅದು ವಾರಂಟಿಗೆ ಸಂಬಂಧವೇ ಇಲ್ಲ, ವಿಮೆಯ ಕಡೆಯ ಮಾತು. ಇಲಿ ವೈರ್ ಕಡಿದರೂ ಹಾಗೇ.

ನನಗೆ ಬೇಕಾಗಿದ್ದ ಸಾಲು ಸಿಕ್ಕಿದ್ದು ಕೊನೆಯ ಹತ್ತಿರ. ಸವೆಯುವ ಭಾಗಗಳ ಪಟ್ಟಿಯಲ್ಲಿ "ಕ್ಲಚ್ ಡಿಸ್ಕ್" ಅಂತಿತ್ತು. ಅಷ್ಟೇ. ಮ್ಯಾನುಯಲ್ ಕಾರಿನ ಕ್ಲಚ್ ಪ್ಲೇಟ್ ಬಗ್ಗೆ ಹೇಳಿದ್ದಾ, ನಮ್ಮ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಒಳಗಿರುವ ಜೋಡಿ ಕ್ಲಚ್ ಬಗ್ಗೆಯೂ ಹೇಳಿದ್ದಾ? ಗೇರ್‌ಬಾಕ್ಸ್ ಕವರ್ ಅಂತ ಮುಂದಿನ ಪುಟದಲ್ಲಿದೆ, ಕ್ಲಚ್ ಇಲ್ಲ ಅಂತ ಹಿಂದಿನ ಪುಟದಲ್ಲಿದೆ. ನಮ್ಮ ಗಾಡಿಯಲ್ಲಿ ಕ್ಲಚ್ ಇರೋದೇ ಗೇರ್‌ಬಾಕ್ಸ್‌ಗೆ ಅಂಟಿಕೊಂಡು.

ಫೋನ್ ಮಾಡಿ ಕೇಳಿದೆ. "ಎಲ್ಲಾ ಕವರ್ ಆಗುತ್ತೆ ಸರ್, ಟೆನ್ಷನ್ ತಗೋಬೇಡಿ." ಬಾಯಿಮಾತಿನಲ್ಲಿ ಎಲ್ಲವೂ ಕವರ್ ಆಗುತ್ತೆ. ಇಮೇಲ್‌ನಲ್ಲಿ ಮೂರು ಪ್ರಶ್ನೆ ಬರೆದು ಕಳಿಸಿದೆ. ಮೆಕಾಟ್ರಾನಿಕ್ ಯೂನಿಟ್ ಕೆಟ್ಟರೆ ಸಿಗುತ್ತಾ? ಜೋಡಿ ಕ್ಲಚ್ ಸವೆದರೆ ಸಿಗುತ್ತಾ? ಮೆಕಾಟ್ರಾನಿಕ್ ಕೆಟ್ಟಿದ್ದರಿಂದಲೇ ಕ್ಲಚ್ ಹಾಳಾದರೆ? ಮೂರನೆಯದು ಮುಖ್ಯ. ಒಂದು ಭಾಗದ ದೋಷದಿಂದ ಇನ್ನೊಂದು ಹಾಳಾದರೆ ಅದಕ್ಕೆ ಕೆಲವು ಪ್ಲಾನ್‌ಗಳಲ್ಲಿ ಪರಿಹಾರ ಇಲ್ಲವೇ ಇಲ್ಲ.

ಉತ್ತರ ತಕ್ಷಣ ಬರಲಿಲ್ಲ, ನೆನಪಿಸಬೇಕಾಯಿತು. ಕೊನೆಗೆ ವಾರಂಟಿ ವಿಭಾಗದಿಂದಲೇ ಬಂತು. ಮೆಕಾಟ್ರಾನಿಕ್ ಇದೆ. ಬರೀ ಸವೆತದಿಂದ ಕ್ಲಚ್ ಹೋದರೆ ಇಲ್ಲ. ಕವರ್ ಆಗುವ ಭಾಗದ ದೋಷದಿಂದ ಕ್ಲಚ್ ಹಾಳಾಯಿತು ಅಂತ ತಪಾಸಣೆಯಲ್ಲಿ ಕಂಡರೆ ಇದೆ. ನಾನು ಬಯಸಿದಷ್ಟು ಇಲ್ಲ, ಭಯಪಟ್ಟಷ್ಟೂ ಇಲ್ಲ. ನಾಲ್ಕು ಪಾಲಿನ ಭಾಗ ಒಳಗಿತ್ತಲ್ಲ, ಲೆಕ್ಕ ಬೀಳಲಿಲ್ಲ. ಆ ಇಮೇಲ್ ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ಆ ವಾರಂಟಿ ಕಾಗದಕ್ಕಿಂತ ಇದರ ಮೇಲೇ ನನಗೆ ನಂಬಿಕೆ ಜಾಸ್ತಿ.

ಇನ್ನು ಎಷ್ಟು ವರ್ಷಕ್ಕೆ? ಫೋನ್ ಮಾಡಿದವರೆಲ್ಲಾ ಮೂರು ವರ್ಷದ್ದೇ ತಗೊಳ್ಳಿ ಅನ್ನುತ್ತಿದ್ದರು. ವರ್ಷದ ಲೆಕ್ಕ ಹಾಕಿದರೆ ಅದು ಅಗ್ಗವೂ ಹೌದು. ಆದರೆ ಷರತ್ತಿನಲ್ಲಿ "ಆರು ವರ್ಷ ಅಥವಾ 1,00,000 ಕಿ.ಮೀ., ಯಾವುದು ಮೊದಲೋ ಅದು" ಅಂತಿತ್ತು. ನಮ್ಮ ಗಾಡಿ ವರ್ಷಕ್ಕೆ ಸುಮಾರು 18,000 ಕಿ.ಮೀ. ಓಡುತ್ತೆ. ಮೂರು ವರ್ಷಕ್ಕೆ 54,000. ಲಕ್ಷ ಮುಟ್ಟಲು ಉಳಿದಿರೋದು 46,000, ಅಂದರೆ ಎರಡೂವರೆ ವರ್ಷ. ಮೂರನೇ ವರ್ಷಕ್ಕೆ ಕೊಟ್ಟ ದುಡ್ಡಿನಲ್ಲಿ ಅರ್ಧ ಗಾಳಿಗೆ. ಎರಡು ವರ್ಷದ್ದು ತಗೊಂಡರೆ 90,000ಕ್ಕೆ ಮುಗಿಯುತ್ತೆ, ಪೂರ್ತಿ ಉಪಯೋಗ. ವರ್ಷಕ್ಕೆ 7,000 ಓಡಿಸುವವರಿಗೆ ಇದೇ ಲೆಕ್ಕ ಬೇರೆ ಥರ. ಅವರಿಗೆ ಕಿ.ಮೀ. ಮಿತಿ ಅಡ್ಡ ಬರುವುದಿಲ್ಲ, ಆದರೆ ಅಷ್ಟು ಕಡಿಮೆ ಓಡುವ ಗಾಡಿ ಕೆಡುವುದೂ ಕಡಿಮೆ.

ಈ ನಡುವೆ ನನ್ನ ನಂಬರ್ ಎಲ್ಲಿಂದ ಸಿಕ್ಕಿತೋ, ಹೊರಗಿನ ಒಂದು ಕಂಪನಿಯವರೂ ಫೋನ್ ಮಾಡಿದರು. ಬೆಲೆ ಮುಕ್ಕಾಲು ಪಾಲು ಮಾತ್ರ, ಯಾವ ಗ್ಯಾರೇಜ್‌ನಲ್ಲಾದರೂ ಮಾಡಿಸಬಹುದು ಅಂದರು. ಕೇಳೋಕೆ ಚೆನ್ನಾಗಿತ್ತು. ವಿವರ ಕೇಳಿದೆ. ರಿಪೇರಿಗೆ ಮುಂಚೆ ಅವರ ಅನುಮತಿ ಬೇಕು. ಮೊದಲು ನಾವು ಬಿಲ್ ಕಟ್ಟಬೇಕು, ಅವರು ಆಮೇಲೆ ಕೊಡುತ್ತಾರೆ. ಲೇಬರ್‌ಗೆ ಗಂಟೆಗೆ ಇಷ್ಟೇ ಅಂತ ಮಿತಿ, ಒಂದು ಕ್ಲೈಮ್‌ಗೆ ಇಷ್ಟೇ ಅಂತ ಇನ್ನೊಂದು ಮಿತಿ. ಆ ಎರಡನೇ ಮಿತಿ ನನ್ನ ಮೆಕಾಟ್ರಾನಿಕ್ ಬೆಲೆಯ ಅರ್ಧಕ್ಕಿಂತ ಕಡಿಮೆ. ನಾಲ್ಕು ಪಾಲಿನ ಹೊಡೆತಕ್ಕೆ ಹೆದರಿ ಕೊಳ್ಳುವವನಿಗೆ ಎರಡು ಪಾಲೂ ಕೊಡದ ವಾರಂಟಿ ಯಾಕೆ? ಜೊತೆಗೆ ಆ ಕಂಪನಿ ಆಗ ಇರಬೇಕಲ್ಲ! ಅಮೆರಿಕದಲ್ಲಿ ಟಿವಿ ಜಾಹೀರಾತು, ಫೋನ್ ಕರೆಗಳ ಮೂಲಕ ಇಂಥ ಒಪ್ಪಂದಗಳನ್ನು ದೊಡ್ಡದಾಗಿ ಮಾರುತ್ತಿದ್ದ ಯುಎಸ್ ಫಿಡೆಲಿಸ್ ಅನ್ನೋ ಕಂಪನಿ 2010ರಲ್ಲಿ ದಿವಾಳಿ ಅರ್ಜಿ ಹಾಕಿತು. ಹೊರಗಿನವರೆಲ್ಲಾ ಹಾಗೇ ಅಂತಲ್ಲ. ಹಿಂದೆ ಗಟ್ಟಿ ವಿಮಾ ಕಂಪನಿ ಇರುವವರೂ ಇದ್ದಾರೆ. ನನಗೆ ಫೋನ್ ಮಾಡಿದವರಿಗೆ ಹಿಂದೆ ಯಾರಿದ್ದಾರೆ ಅಂತ ಕೇಳಿದಾಗ ಲೈನ್ ಕಟ್ ಆಯಿತು.

ದುಡ್ಡು ಕಟ್ಟುವ ಮುಂಚೆ ಮಾಡಿದ ಇನ್ನೊಂದು ಕೆಲಸ, ಬಿಟ್ಟಿಯಾಗಿ ಏನು ಸಿಗುತ್ತೆ ಅಂತ ನೋಡಿದ್ದು. ಸುರಕ್ಷತೆಗೆ ಸಂಬಂಧಿಸಿದ ರೀಕಾಲ್‌ಗೆ, ಅಂದರೆ ದೋಷ ಇರುವ ಕಾರುಗಳನ್ನು ಕಂಪನಿಯೇ ವಾಪಸ್ ಕರೆಸಿ ಸರಿಮಾಡುವುದಕ್ಕೆ, ವಾರಂಟಿ ಇರಬೇಕು ಅಂತೇನಿಲ್ಲ. ಟಕಾಟಾ ಕಂಪನಿಯ ದೋಷವಿದ್ದ ಏರ್‌ಬ್ಯಾಗ್‌ಗಳ ವಿಷಯದಲ್ಲಿ ಜಗತ್ತಿನಾದ್ಯಂತ ಅವನ್ನು ಉಬ್ಬಿಸುವ ಕೋಟಿಗಟ್ಟಲೆ ಇನ್‌ಫ್ಲೇಟರ್‌ಗಳನ್ನು ಹಳೇ ಕಾರುಗಳಲ್ಲೂ ಪುಕ್ಕಟೆಯಾಗಿ ಬದಲಿಸಿದ್ದು ಗೊತ್ತಿರಬಹುದು. ಕೆಲವು ಸಲ ಒಂದೇ ಭಾಗಕ್ಕೆ ಕಂಪನಿಯೇ ವಾರಂಟಿ ಎಳೆಯುತ್ತೆ. ನಿಸಾನ್ ಕಂಪನಿ ಅಮೆರಿಕದಲ್ಲಿ 2003ರಿಂದ 2010ರವರೆಗಿನ ಮಾಡೆಲ್‌ಗಳ ಸಿವಿಟಿ ಅನ್ನೋ ಇನ್ನೊಂದು ಬಗೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ 10 ವರ್ಷ ಅಥವಾ 1,20,000 ಮೈಲಿವರೆಗೆ ಹಾಗೆ ಮಾಡಿತ್ತು. ನನ್ನ ಚಾಸಿ ನಂಬರ್ ಹಾಕಿ ನೋಡಿದಾಗ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿ ಇತ್ತು, ಅಷ್ಟೇ. ಎಲೆಕ್ಟ್ರಿಕ್ ಕಾರಿನವರು ಈ ಹುಡುಕಾಟ ಇನ್ನೂ ಚೆನ್ನಾಗಿ ಮಾಡಬೇಕು. ಬ್ಯಾಟರಿ ಪ್ಯಾಕ್‌ಗೆ ಬಹಳಷ್ಟು ಕಂಪನಿಗಳು 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಮೊದಲೇ ಕೊಟ್ಟಿರುತ್ತವೆ. ಅತಿ ದುಬಾರಿ ಭಾಗ ಹಾಗೆ ಒಳಗಿದ್ದಾಗ ಹೊರಗಿನ ಪ್ಲಾನ್ ಏನನ್ನು ಕಾಯುತ್ತೆ ಅಂತ ಕೇಳಿಕೊಳ್ಳಬೇಕು.

ಇದೇ ಹೊತ್ತಿನಲ್ಲಿ ಅಕ್ಕನ ಸಣ್ಣ ಕಾರಿಗೂ ಇಂಥದ್ದೇ ಫೋನ್ ಬಂದಿತ್ತು. ಅದು ಮ್ಯಾನುಯಲ್, ಟರ್ಬೊ ಇಲ್ಲದ ಇಂಜಿನ್, ಓಡುವುದು ಕಡಿಮೆ. ಹಾಳೆ ಹರಡುವ ಅಗತ್ಯವೂ ಬೀಳಲಿಲ್ಲ. ಅದರಲ್ಲಿ ಅತಿ ದುಬಾರಿ ರಿಪೇರಿಯೇ ವಾರಂಟಿಯ ಎರಡರಷ್ಟು ದಾಟುತ್ತಿರಲಿಲ್ಲ. ಬೇಡ ಅಂದೆ. ಭಾವನಿಗೆ ಖುಷಿಯಾಯಿತು, ತನ್ನ ಮಾತು ಗೆದ್ದಿತು ಅಂತ.

ನಮ್ಮ ಗಾಡಿಗೆ ಕಂಪನಿಯ ಎರಡು ವರ್ಷದ ಪ್ಲಾನ್ ತಗೊಂಡೆವು. ಹೇಳಿದ ಬೆಲೆಯಲ್ಲಿ ಸ್ವಲ್ಪ ಬಿಡಿ ಅಂತ ಕೇಳಿದೆ. ಕಂಪನಿ ರೇಟ್, ನಮ್ಮ ಕೈಯಲ್ಲಿಲ್ಲ ಅಂದರು. ಇನ್ನೊಂದು ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿದೆ. ಅದೇ ಪ್ಲಾನ್, ಅದೇ ಕಂಪನಿ, ಅವರು ಕಡಿಮೆಗೆ ಕೊಟ್ಟರು. ಹಾಗಾಗಿ ಕೈಯಲ್ಲಿ ಇಲ್ಲದೇ ಇರುವುದೇನಿಲ್ಲ. ವಾರಂಟಿ ಗಾಡಿಗೆ ಅಂಟಿರುತ್ತೆ, ಮಾರಿದರೆ ಹೊಸ ಮಾಲೀಕರ ಹೆಸರಿಗೆ ಸಣ್ಣ ಶುಲ್ಕ ಕಟ್ಟಿ ಬದಲಾಯಿಸಬಹುದು ಅನ್ನೋದನ್ನೂ ಖಚಿತ ಮಾಡಿಕೊಂಡೆ. ನಾವು ಎಂಟು ವರ್ಷ ಇಟ್ಟುಕೊಳ್ಳುವ ಯೋಚನೆಯಲ್ಲಿದ್ದೇವೆ. ಆದರೂ ಇರಲಿ.

ಸರ್ಟಿಫಿಕೇಟ್ ಬಂದಾಗ ಹೆಂಡತಿ ಓದುತ್ತಾ, "ಇದೇನ್ರೀ, ಇವತ್ತಿಂದಲೇ ಶುರು ಅಂತ ಹಾಕಿದಾರೆ?" ಅಂದಳು. ನಿಜ. ಶುರುವಾಗುವ ತಾರೀಕು ದುಡ್ಡು ಕಟ್ಟಿದ ದಿನದ್ದಾಗಿತ್ತು. ಮೂಲ ವಾರಂಟಿ ಮುಗಿದ ಮರುದಿನದಿಂದ ಶುರುವಾಗಬೇಕಿತ್ತು. ಹಾಗೇ ಬಿಟ್ಟಿದ್ದರೆ ಕೊನೆಯಲ್ಲಿ ಅಷ್ಟು ದಿನ ಕಳೆದುಕೊಳ್ಳುತ್ತಿದ್ದೆವು. ಕರೆ ಮಾಡಿದೆ, ಸಿಸ್ಟಮ್ ಮಿಸ್ಟೇಕ್ ಅಂದರು, ಬದಲಿಸಿ ಹೊಸದು ಕಳಿಸಿದರು. ಚಾಸಿ ನಂಬರ್, ಇಂಜಿನ್ ನಂಬರ್, ಓಡೋಮೀಟರ್ ಅಂಕಿ ಎಲ್ಲಾ ಮತ್ತೆ ಒಂದು ಸಲ ಆರ್‌ಸಿ ಜೊತೆ ಇಟ್ಟು ನೋಡಿದೆವು.

ಆಮೇಲೆ ಇಲ್ಲಿಯವರೆಗೆ ಗೇರ್‌ಬಾಕ್ಸ್ ಚೆನ್ನಾಗಿದೆ. ಒಂದು ವೀಲ್ ಸ್ಪೀಡ್ ಸೆನ್ಸರ್ ಹೋಗಿ ಎಬಿಎಸ್ ದೀಪ ಹತ್ತಿತ್ತು, ಅದನ್ನು ವಾರಂಟಿಯಲ್ಲಿ ಬದಲಿಸಿದರು. ನಾನು ಕಟ್ಟಿದ ದುಡ್ಡಿನ ಹತ್ತನೇ ಒಂದು ಭಾಗದಷ್ಟು ಬೆಲೆಯದು. ಮುಂದಿನ ಎಡಚಕ್ರದ ಕಡೆ ಕಟಕಟ ಸದ್ದು ಬಂದಾಗ ಲಿಂಕ್ ರಾಡ್ ಅಂದರು, ಬಿಲ್ ಕೊಟ್ಟರು. ಹಿಂದಿನ ಪುಟಗಳಲ್ಲಿ ಓದಿದ್ದ ಹೆಸರೇ ಅದು, ವಾದ ಮಾಡದೆ ಕಟ್ಟಿ ಬಂದೆ. 90,000 ಕಿ.ಮೀ. ಆದಮೇಲೆ ಮತ್ತೆ ಎಳೆಯುವ ಪ್ಲಾನ್ ಇಲ್ಲವಂತೆ. ಅದಕ್ಕೆ ಈಗಿನಿಂದಲೇ ತಿಂಗಳಿಗೆ ಇಷ್ಟು ಅಂತ ಬೇರೆ ಖಾತೆಗೆ ಹಾಕುತ್ತಾ ಬಂದಿದ್ದೇವೆ. ಗುರಿ ಮೊದಲು ಎರಡು ಪಾಲು, ಸಾಧ್ಯವಾದರೆ ನಾಲ್ಕು.